ಕಚಮ್ಯಾಕ್ ಕೊಲ್ಲಿಯಲ್ಲಿ ನೀರು ನಿಲ್ಲುವ ಹೊತ್ತು

ಅಲಾಸ್ಕಾದ ಕಚಮ್ಯಾಕ್ ಕೊಲ್ಲಿಯಲ್ಲಿ ಹಾಲಿಬಟ್ ಹಿಡಿಯಬೇಕು ಅಂತಿದ್ದರೆ ರಾಡ್, ರೀಲ್ ಕೊಳ್ಳುವುದಕ್ಕೂ ಮೊದಲು ಪಂಚಾಂಗ ತೆಗೆದು ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಒಂದೆರಡು ದಿನ ಅಲ್ಲಿನ ನೀರಿಗೆ ವಿಪರೀತ ಓಟ. ವರ್ಷದ ದೊಡ್ಡ ಭರತಗಳಲ್ಲಿ ಏರಿಳಿತ ಎಂಟು ಮೀಟರ್ ದಾಟುತ್ತದೆ. ಮಂಗಳೂರು, ಕಾರವಾರದ ಕಡೆ ಒಂದೂವರೆ, ಎರಡು ಮೀಟರ್ ನೋಡಿ ಬೆಳೆದವರಿಗೆ ಇದು ಊಹೆಗೆ ಸಿಗುವುದು ಕಷ್ಟ. ಆರು ಗಂಟೆಯಲ್ಲಿ ಎರಡಂತಸ್ತಿನ ಮನೆ ಮುಳುಗುವಷ್ಟು ನೀರು ಕೊಲ್ಲಿಯೊಳಗೆ ಬರುತ್ತದೆ, ಮುಂದಿನ ಆರು ಗಂಟೆಯಲ್ಲಿ ಅಷ್ಟೂ ಹೊರಗೆ ಹೋಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಅದರ ಅರ್ಧಕ್ಕಿಂತ ಕಡಿಮೆ. ರಜೆ ಹಾಕುವುದಾದರೆ ಅಷ್ಟಮಿಯ ವಾರಕ್ಕೇ ಹಾಕಿ.

ಕಾರಣ ಇಷ್ಟೆ. ಹಾಲಿಬಟ್ ನೆಲಕ್ಕೆ ಅಂಟಿಕೊಂಡು ಬದುಕುವ ಮೀನು. ನಿಮ್ಮ ಎರೆ ನೆಲದ ಮೇಲೆ ಇದ್ದಷ್ಟು ಹೊತ್ತು ಮಾತ್ರ ನೀವು ಮೀನು ಹಿಡಿಯುತ್ತಿದ್ದೀರಿ. ಅರವತ್ತು ಮೀಟರ್ ಆಳದಲ್ಲಿ ಸೆಳೆತ ಜೋರಾದರೆ ಎರಡು ಕಿಲೋ ಸೀಸದ ಗುಂಡು ಕಟ್ಟಿದರೂ ಲೈನ್ ಗಾಳಿಪಟದ ದಾರದ ಹಾಗೆ ಓರೆಯಾಗಿ ತೇಲಿಬಿಡುತ್ತದೆ. ನೀರು ನಿಲ್ಲುವ ಹೊತ್ತಿನಲ್ಲಿ, ಅಂದರೆ ಭರತ ಮುಗಿದು ಇಳಿತ ಶುರುವಾಗುವ ಅಥವಾ ಇಳಿತ ಮುಗಿದು ಭರತ ಶುರುವಾಗುವ ಸಂದಿಯಲ್ಲಿ, ಅದೇ ಗುಂಡು ನೆಟ್ಟಗೆ ಕೂತುಕೊಳ್ಳುತ್ತದೆ. ಅಷ್ಟಮಿಯ ದಿನಗಳಲ್ಲಿ ಆ ಸಂದಿ ಉದ್ದ, ಹುಣ್ಣಿಮೆಗೆ ತೀರಾ ಚಿಕ್ಕದು. ಹೊಸಬರು ಎಡವುವ ಒಂದು ಜಾಗ ಇಲ್ಲಿದೆ: ಭರತದ ಪಟ್ಟಿಯಲ್ಲಿ ಬರೆದಿರುವುದು ನೀರಿನ ಎತ್ತರದ ಹೊತ್ತು, ಓಟ ನಿಲ್ಲುವ ಹೊತ್ತಲ್ಲ. ಕೊಲ್ಲಿಯ ಬಾಯಿಂದಾಚೆ, ಕುಕ್ ಇನ್ಲೆಟ್ ಎಂಬ ದೊಡ್ಡ ಕಡಲತೋಳಿನ ಕಡೆ ಹೋದಷ್ಟೂ ಇವೆರಡರ ನಡುವಿನ ಅಂತರ ಹೆಚ್ಚಾಗಬಹುದು. ಸೆಳೆತದ ಪಟ್ಟಿ ಬೇರೆಯೇ ಇದೆ, ಅದನ್ನು ನೋಡಿ. ನೀರು ನಿಲ್ಲುವುದಕ್ಕೆ ಒಂದೂವರೆ ಗಂಟೆ ಮೊದಲೇ ಜಾಗ ಸೇರಿ ಲಂಗರು ಹಾಕಿರಬೇಕು.

ಜಾಗದ ಪರಿಚಯ ಚುಟುಕಾಗಿ. ಆಂಕರೇಜ್‌ನಿಂದ ರಸ್ತೆ ಹಿಡಿದು ಸುಮಾರು 355 ಕಿಲೋಮೀಟರ್ ದಕ್ಷಿಣಕ್ಕೆ ಬಂದರೆ ಕೀನೈ ಪರ್ಯಾಯ ದ್ವೀಪದ ತುದಿಯಲ್ಲಿ ಹೋಮರ್ ಎಂಬ ಊರು. ಊರಿನಿಂದ ಕೊಲ್ಲಿಯ ನಡುವಿಗೆ ಏಳು ಕಿಲೋಮೀಟರ್ ಉದ್ದಕ್ಕೆ ನಾಲಗೆಯಂತೆ ಚಾಚಿದ ಜಲ್ಲಿಕಲ್ಲಿನ ದಿಬ್ಬವೇ ಹೋಮರ್ ಸ್ಪಿಟ್. ದೋಣಿಗಳ ಬಂದರು, ಗಾಳದ ಅಂಗಡಿ, ಮೀನು ಕತ್ತರಿಸುವ ಮೇಜು ಎಲ್ಲ ಅದರ ಮೇಲೇ. ಬೇಸಿಗೆಯಲ್ಲಿ ಬೆಳಗ್ಗೆ ಕೊಲ್ಲಿ ಶಾಂತವಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಒಳಗೆ ಬೀಸತೊಡಗುತ್ತದೆ. ಅದೇ ಹೊತ್ತಿಗೆ ಇಳಿತದ ನೀರು ಎದುರಿನಿಂದ ಹೊರಗೆ ಓಡುತ್ತಿದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಏಳುತ್ತವೆ. ಆರು ಮೀಟರಿನ ಸಣ್ಣ ದೋಣಿಯವರು ಈ ಎರಡೂ ಒಟ್ಟಿಗೆ ಬರುವ ಮೊದಲೇ ಬಂದರು ಸೇರುವ ಲೆಕ್ಕ ಇಟ್ಟುಕೊಂಡು ಹೊರಡಬೇಕು.

ಈಗ ಮೀನಿನ ವಿಷಯ. ನಮ್ಮ ಕರಾವಳಿಯ ನಂಗ್ ಮೀನು ಗೊತ್ತಿದ್ದವರಿಗೆ ಹಾಲಿಬಟ್‌ನ ಆಕಾರ ವಿವರಿಸಬೇಕಿಲ್ಲ. ಚಪ್ಪಟೆ, ಒಂದು ಮಗ್ಗುಲು ಕಂದು, ಇನ್ನೊಂದು ಬಿಳಿ, ಎರಡು ಕಣ್ಣೂ ಕಂದು ಬದಿಯಲ್ಲಿ. ಮರಿಯಾಗಿದ್ದಾಗ ಉಳಿದ ಮೀನುಗಳ ಹಾಗೆ ಎರಡು ಬದಿಗೆ ಎರಡು ಕಣ್ಣಿದ್ದು, ಆರು ತಿಂಗಳಾಗುವ ಹೊತ್ತಿಗೆ ಎಡಗಣ್ಣು ತಲೆ ಸುತ್ತಿ ಬಲಕ್ಕೆ ಬರುತ್ತದೆ. ಆದರೆ ನಂಗ್ ಅಂಗೈಯಗಲದ್ದು, ಇದು ಬಾಗಿಲಗಲಕ್ಕೂ ಬೆಳೆಯುತ್ತದೆ. ಅಲಾಸ್ಕಾದಲ್ಲಿ ಗಾಳಕ್ಕೆ ಬಿದ್ದ ದಾಖಲೆಯ ಹಾಲಿಬಟ್ 459 ಪೌಂಡ್, ಅಂದರೆ 208 ಕಿಲೋ. 1996ರಲ್ಲಿ ಉನಲಾಸ್ಕಾದ ಬಳಿ ಸಿಕ್ಕಿದ್ದು. ಚಳಿಗಾಲದಲ್ಲಿ ಖಂಡದಂಚಿನ ಆಳಕ್ಕೆ ಹೋಗಿ ಮೊಟ್ಟೆ ಇಟ್ಟು, ಬೇಸಿಗೆಗೆ ಮೇವು ಹುಡುಕಿಕೊಂಡು ಆಳ ಕಡಿಮೆಯಿರುವ ಕಡೆಗೆ ಬರುತ್ತದೆ. ಹಾಗಾಗಿ ಕೊಲ್ಲಿಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾಲ.

ಸಾಮಾನಿಗೆ ಬರೋಣ. ರಾಡ್ ಗಿಡ್ಡವಾಗಿ ದಪ್ಪಗಿರಲಿ, ಐದೂವರೆ ಆರಡಿ ಸಾಕು. ರೀಲಿಗೆ 80 ಪೌಂಡಿನ ಹೆಣೆದ ಲೈನ್, ಕನಿಷ್ಠ 250 ಮೀಟರ್. ನೈಲಾನ್ ಲೈನ್ ಬೇಡ. ಅದು ಹಿಗ್ಗುತ್ತದೆ, ಅರವತ್ತು ಮೀಟರ್ ಕೆಳಗೆ ಏನು ನಡೆಯುತ್ತಿದೆ ಅನ್ನುವುದು ಕೈಗೆ ತಿಳಿಯುವುದಿಲ್ಲ. ಅಲ್ಲದೆ ದಪ್ಪ ಲೈನಿಗೆ ಸೆಳೆತ ಹೆಚ್ಚು ತಾಗುತ್ತದೆ, ಅಷ್ಟೇ ಹೆಚ್ಚು ಸೀಸ ಕಟ್ಟಬೇಕಾಗುತ್ತದೆ. ಲೈನಿನ ತುದಿಗೆ ತಂತಿಯ ಕವಲುಕೋಲು: ಗಿಡ್ಡ ತೋಳಿಗೆ ಸೀಸ, ಉದ್ದ ತೋಳಿಗೆ ಗಾಳ. ಇಳಿಯುವಾಗ ಎರಡೂ ಒಂದಕ್ಕೊಂದು ಸುತ್ತಿಕೊಳ್ಳದಿರಲು ಈ ಏರ್ಪಾಡು. ಗಾಳದಿಂದ ಕವಲಿಗೆ ಎರಡು ಮೂರಡಿ ದಪ್ಪ ನೈಲಾನ್, 200 ಪೌಂಡಿನದಾದರೂ ಆಗಬೇಕು. ಇದು ಹಲ್ಲು ಮತ್ತು ಕಲ್ಲಿನ ಉಜ್ಜಿಗೆ. ಸೀಸ ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ ಮೂರೂ ದೋಣಿಯಲ್ಲಿರಲಿ. ನೀರು ನಿಲ್ಲುತ್ತ ಬಂದ ಹಾಗೆ ಇಳಿಸುತ್ತ, ಮತ್ತೆ ಓಟ ಶುರುವಾದ ಹಾಗೆ ಏರಿಸುತ್ತ ಹೋಗಬೇಕು. ಎರಡು ಕಿಲೋ ಕೂಡ ನಿಲ್ಲದಿದ್ದರೆ ಲೈನ್ ಸುತ್ತಿಬಿಡಿ, ಆ ಹೊತ್ತು ಮುಗಿಯಿತು.

ಗಾಳ ಮಾತ್ರ ದುಂಡು ಗಾಳವೇ ಆಗಬೇಕು, 16/0 ಅಳತೆ. ಅದರ ಮೊನೆ ನೇರವಾಗಿರದೆ ಒಳಕ್ಕೆ, ತನ್ನದೇ ಕಡ್ಡಿಯ ಕಡೆ ಬಾಗಿರುತ್ತದೆ. ನೋಡಿದರೆ ಇದು ಮೀನಿಗೆ ಹೇಗೆ ಚುಚ್ಚೀತು ಅನ್ನಿಸುತ್ತದೆ. ಅದರ ಕೆಲಸ ಹೀಗೆ: ಮೀನು ಎರೆಯನ್ನು ಬಾಯಿಗೆ ಹಾಕಿಕೊಂಡು ಮುಖ ತಿರುಗಿಸಿ ಹೊರಡುತ್ತದೆ, ಲೈನ್ ಬಿಗಿಯುತ್ತದೆ, ಗಂಟಲಿನಿಂದ ಗಾಳ ಜಾರುತ್ತ ಬಂದು ದವಡೆಯ ಮೂಲೆಯಲ್ಲಿ ಹೊರಳಿ ಕಚ್ಚಿಕೊಳ್ಳುತ್ತದೆ. ಕಚ್ಚಿದ ಸುಳಿವು ಸಿಕ್ಕ ಕ್ಷಣಕ್ಕೆ ರಾಡ್ ಎತ್ತಿ ಜಗ್ಗಿದರೆ ಆ ಹೊರಳುವಿಕೆಗೆ ಅವಕಾಶವೇ ಇಲ್ಲ, ಗಾಳ ಬಾಯಿಂದ ಹಾಗೇ ಜಾರಿ ಬರುತ್ತದೆ. ಊರಲ್ಲಿ ಹೊಳೆ ಮೀನು ಹಿಡಿದು ಕೈ ಪಳಗಿದವರಿಗೆ ಈ ಜಗ್ಗುವ ಚಾಳಿ ಬಿಡುವುದೇ ದೊಡ್ಡ ಪಾಠ. ರಾಡ್ ತುದಿ ಟಕ್ ಟಕ್ ಅನ್ನುತ್ತಿದ್ದರೆ ಸುಮ್ಮನಿರಿ. ತುದಿ ನಿಧಾನವಾಗಿ ಬಾಗಿ, ಬಾಗಿದ್ದು ಬಾಗಿದಂತೆಯೇ ಉಳಿದರೆ ರೀಲ್ ತಿರುಗಿಸಲು ಶುರು ಮಾಡಿ, ಒಂದೇ ಹದದಲ್ಲಿ. ಎರೆ ಪೋಣಿಸುವಾಗಲೂ ಗಮನ ಬೇಕು. ಮೊನೆಗೂ ಕಡ್ಡಿಗೂ ನಡುವಿನ ಸಂದು ತುಂಬಿಹೋದರೆ ಗಾಳ ಹೊರಳಲು ಜಾಗವೇ ಉಳಿಯುವುದಿಲ್ಲ. ಎರೆಯ ಅಂಚಿಗೆ ಚುಚ್ಚಿ, ಮೊನೆ ಪೂರ್ತಿ ಹೊರಗೆ ಕಾಣುವಂತೆ ಬಿಡಿ.

ಎರೆಗೆ ಮೊದಲ ಆಯ್ಕೆ ಹೆರ್ರಿಂಗ್, ನಮ್ಮ ಬೂತಾಯಿಯ ನೆಂಟ. ಎಣ್ಣೆ ಜಾಸ್ತಿ, ವಾಸನೆ ದೂರ ಹೋಗುತ್ತದೆ, ಆದರೆ ಮೆತ್ತಗೆ. ಸಣ್ಣಪುಟ್ಟ ಮೀನು ಎರಡು ಸಲ ಕಚ್ಚಿದರೆ ಗಾಳ ಬರಿದು. ಅದಕ್ಕೇ ಒಂದು ಚೂರು ಆಕ್ಟೋಪಸ್ ಅಥವಾ ಬೊಂಡಾಸ್ ಮೊದಲು ಪೋಣಿಸಿ, ಮೇಲೆ ಹೆರ್ರಿಂಗ್ ಹಾಕುವುದು ರೂಢಿ. ಹೆರ್ರಿಂಗ್ ಹೋದರೂ ಗಟ್ಟಿ ಮಾಂಸ ಗಾಳದಲ್ಲಿ ಉಳಿದಿರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆತ್ತಿ ನೋಡಿ. ನೀರಲ್ಲಿ ತೊಳೆದು ಬಿಳಿಚಿಕೊಂಡ ಎರೆಯಲ್ಲಿ ವಾಸನೆ ಉಳಿದಿರುವುದಿಲ್ಲ. ಲಂಗರು ಹಾಕಿ ಕೂರುವವರಿಗೆ ಈ ವಾಸನೆಯೇ ಬಂಡವಾಳ. ಸೆಳೆತ ಅದನ್ನು ನೆಲದುದ್ದಕ್ಕೂ ಹೊತ್ತು ಹೋಗುತ್ತದೆ, ಹಾಲಿಬಟ್ ಅದನ್ನೇ ಹಿಡಿದು ಎದುರು ಈಜಿ ಬರುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ಏನೂ ಸಿಗದಿದ್ದರೆ ಜಾಗ ಬದಲಿಸುವ ಅವಸರ ಬೇಡ. ಹತ್ತು ನಿಮಿಷಕ್ಕೊಂದು ಜಾಗ ಹುಡುಕುವ ದೋಣಿಗೆ ವಾಸನೆಯ ಜಾಡು ಹಬ್ಬಲು ಬಿಡುವೇ ಸಿಗುವುದಿಲ್ಲ.

ಲಂಗರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಜೀವ ಹೋಗುವುದು ಇಲ್ಲೇ. ನೀರಿನ ಆಳದ ಮೂರು ಪಟ್ಟಾದರೂ ಹಗ್ಗ ಬೇಕು: 70 ಮೀಟರ್ ಆಳಕ್ಕೆ 210. ಲಂಗರಿಗೂ ಹಗ್ಗಕ್ಕೂ ನಡುವೆ ಐದಾರು ಮೀಟರ್ ಸರಪಳಿ ಇದ್ದರೆ ಮಾತ್ರ ಲಂಗರು ಮಲಗಿ ನೆಲ ಕಚ್ಚುತ್ತದೆ. ಹಗ್ಗ ಕಟ್ಟುವುದು ದೋಣಿಯ ಮೂತಿಗೇ, ಹಿಂಬದಿಗೆ ಯಾವ ಕಾರಣಕ್ಕೂ ಅಲ್ಲ. ಎಂಜಿನ್ ಇರುವ ಹಿಂಬದಿ ಮೊದಲೇ ಭಾರ, ಅಲ್ಲಿನ ಅಂಚು ತಗ್ಗು. ಸೆಳೆತ ಜೋರಾದಾಗ ಹಗ್ಗ ಅದನ್ನೇ ಕೆಳಗೆಳೆದು, ಒಂದು ಅಲೆ ಒಳಗೆ ಬಂದರೆ ಮುಂದಿನದನ್ನು ತಡೆಯಲು ಸಮಯ ಇರುವುದಿಲ್ಲ. ಎತ್ತಲು ಕೈಬಲ ಬೇಡ, ದೊಡ್ಡ ತೇಲುಬುರುಡೆ ಮತ್ತು ಉಕ್ಕಿನ ಬಳೆ ಸಾಕು. ಬಳೆಯನ್ನು ಹಗ್ಗಕ್ಕೆ ಹಾಕಿ, ಅದಕ್ಕೆ ತೇಲುಬುರುಡೆ ಸಿಕ್ಕಿಸಿ, ದೋಣಿಯನ್ನು ಸೆಳೆತಕ್ಕೆ ಎದುರಾಗಿ ಸ್ವಲ್ಪ ಓರೆಯಲ್ಲಿ ನಿಧಾನ ಮುಂದಕ್ಕೆ ಓಡಿಸಿ. ತೇಲುಬುರುಡೆ ಹಿಂದೆ ಉಳಿಯುತ್ತದೆ, ಹಗ್ಗ ಬಳೆಯೊಳಗೆ ಜಾರುತ್ತ ಲಂಗರನ್ನು ಮೇಲಕ್ಕೆ ತಂದು ತೇಲುಬುರುಡೆಯ ಬುಡದಲ್ಲಿ ನಿಲ್ಲಿಸುತ್ತದೆ. ಆಮೇಲೆ ಸಡಿಲವಾದ ಹಗ್ಗ ಎಳೆದುಕೊಂಡರಾಯಿತು. ಓರೆಯಲ್ಲೇ ಯಾಕೆ ಅಂದರೆ ನೇರ ಹೋದರೆ ಹಗ್ಗ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿದರೆ ದೋಣಿ ಹಿಂಬದಿಯಿಂದ ಲಂಗರು ಹಾಕಿದಂತೆಯೇ. ಹಗ್ಗ ಕತ್ತರಿಸುವ ಚಾಕು ಕೈಗೆಟುಕುವಲ್ಲಿರಲಿ, ಪೆಟ್ಟಿಗೆಯೊಳಗಲ್ಲ.

ಮೀನು ಮೇಲೆ ಬಂತು ಅನ್ನಿ. ಕೆಳಗಿನಿಂದ ಬರುವಾಗ ಹಾಲಿಬಟ್ ಹಲವು ಸಲ ಹಲಗೆಯಂತೆ ಸುಮ್ಮನೆ ಏರಿ ಬರುತ್ತದೆ. ಬೆಳಕು, ದೋಣಿ ಕಂಡ ಕೂಡಲೇ ಒಮ್ಮೆಗೇ ತಿರುಗಿ ನೆಲಕ್ಕೆ ನುಗ್ಗುತ್ತದೆ. ರೀಲಿನ ಬಿಗಿ ಪೂರ್ತಿ ಹಾಕಿಟ್ಟಿದ್ದರೆ ಏನಾದರೊಂದು ಮುರಿಯುವುದು ಆಗಲೇ. ತಲೆಯನ್ನು ನೀರಿನಿಂದ ಹೊರಗೆ ಎತ್ತಬೇಡಿ, ತಲೆ ಹೊರಬಂದರೆ ಅದು ಒದ್ದಾಡತೊಡಗುತ್ತದೆ. ಹತ್ತು ಹನ್ನೆರಡು ಕಿಲೋದವರೆಗಿನ ಮೀನಿಗೆ ಉದ್ದ ಹಿಡಿಯ ಕೊಕ್ಕೆ ಸಾಕು, ತಲೆಗೇ ಹಾಕಬೇಕು, ಮೈಗೆ ಹಾಕಿದರೆ ಮಾಂಸ ಹಾಳು. ಅದಕ್ಕಿಂತ ದೊಡ್ಡದಕ್ಕೆ ಈಟಿ. ಅದರ ತುದಿ ಕಳಚಿಕೊಂಡು ಮೀನಿನಲ್ಲಿ ಉಳಿಯುತ್ತದೆ, ತುದಿಗೆ ಕಟ್ಟಿದ ಹಗ್ಗ ತೇಲುಬುರುಡೆಗೆ. ಕಿವಿರು ಕೊಯ್ದು, ರಕ್ತ ಪೂರ್ತಿ ಹೋಗುವವರೆಗೆ ದೋಣಿಯ ಪಕ್ಕದಲ್ಲೇ ನೀರಲ್ಲಿ ಕಟ್ಟಿಡಿ. ಜೀವ ಇರುವ ಐವತ್ತು ಕಿಲೋ ಹಾಲಿಬಟ್ ದೋಣಿಯೊಳಗೆ ಬಾಲ ಬಡಿದರೆ ಕಾಲು ಮುರಿಯುತ್ತದೆ, ಇದು ಉತ್ಪ್ರೇಕ್ಷೆ ಅಲ್ಲ.

ಅಂಥ ದೊಡ್ಡ ಮೀನನ್ನು ಬಿಟ್ಟುಬಿಡಿ ಅನ್ನುವವರ ಪಕ್ಷ ನನ್ನದು. ನೂರು ಪೌಂಡು ದಾಟಿದ ಹಾಲಿಬಟ್ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಿ. ಹೆಣ್ಣು ಹಾಲಿಬಟ್ ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು ಹನ್ನೆರಡು ವರ್ಷ ಬೇಕು. ಅಮೆರಿಕ ಮತ್ತು ಕೆನಡಾ 1923ರಲ್ಲೇ ಒಪ್ಪಂದ ಮಾಡಿಕೊಂಡು ಈ ಒಂದು ಮೀನಿಗಾಗಿ ಜಂಟಿ ಆಯೋಗ ಕಟ್ಟಿವೆ, ಆದರೂ ಒಂದೇ ವಯಸ್ಸಿನ ಮೀನು ಕೆಲವು ದಶಕಗಳ ಹಿಂದೆ ಇದ್ದಷ್ಟು ತೂಕ ಈಗ ಇರುವುದಿಲ್ಲ. ತಿನ್ನಲಂತೂ ಹತ್ತರಿಂದ ಇಪ್ಪತ್ತು ಕಿಲೋದ್ದೇ ರುಚಿ. ಬಿಡುವಾಗ ದೋಣಿಗೆ ಎತ್ತದೆ, ಗಾಳ ಬಿಡಿಸಲಾಗದಿದ್ದರೆ ನೈಲಾನನ್ನು ಬಾಯಿಯ ಹತ್ತಿರ ಕತ್ತರಿಸಿ.

ಗಾಳಕ್ಕೆ ಹಾಲಿಬಟ್ಟೇ ಬೀಳುತ್ತದೆ ಅಂತೇನಿಲ್ಲ. ಹೊಸಬರು ಮೋಸ ಹೋಗುವುದು ಆರೋಟೂತ್ ಫ್ಲೌಂಡರ್ ಎಂಬ ಇನ್ನೊಂದು ಚಪ್ಪಟೆ ಮೀನಿನಿಂದ. ಕತ್ತರಿಸಿದರೆ ಮಾಂಸ ಚೆನ್ನಾಗಿಯೇ ಕಾಣುತ್ತದೆ, ಬಾಣಲೆಗೆ ಹಾಕಿದರೆ ಗಂಜಿಯಾಗುತ್ತದೆ. ಮಾಂಸವನ್ನು ಕರಗಿಸುವ ಕಿಣ್ವವೊಂದು ಬಿಸಿಗೆ ಚುರುಕಾಗುವುದೇ ಕಾರಣ. ಗುರುತು ಹಿಡಿಯಲು ಮೀನಿನ ಪಕ್ಕೆಯ ಉದ್ದಕ್ಕೂ ಹೋಗುವ ಗೆರೆ ನೋಡಿ. ಹಾಲಿಬಟ್‌ನಲ್ಲಿ ಅದು ಪಕ್ಕದ ರೆಕ್ಕೆಯ ಮೇಲೆ ಕಮಾನಿನಂತೆ ಎದ್ದು ಇಳಿಯುತ್ತದೆ, ಆರೋಟೂತಿನಲ್ಲಿ ಹೆಚ್ಚುಕಡಿಮೆ ನೇರ. ಬಾಯಿ ತೆರೆದರೆ ಆರೋಟೂತಿಗೆ ಸೂಜಿಯಂಥ ಹಲ್ಲಿನ ಸಾಲು. ಇನ್ನು ಸಣ್ಣ ಡಾಗ್‌ಫಿಶ್ ಶಾರ್ಕ್ ಬಂದರೆ ಬೆನ್ನಿನ ರೆಕ್ಕೆಗಳ ಮುಂದಿರುವ ಎರಡು ಮುಳ್ಳಿನ ಬಗ್ಗೆ ಎಚ್ಚರ, ಅವುಗಳಲ್ಲಿ ನಂಜಿದೆ. ರಾಕ್‌ಫಿಶ್ ಬಂದರೆ ಆಳದ ಒತ್ತಡ ಕಳೆದು ಅದರ ಹೊಟ್ಟೆಯ ಗಾಳಿಚೀಲ ಉಬ್ಬಿರುತ್ತದೆ, ಹಾಗೇ ಬಿಟ್ಟರೆ ಮುಳುಗಲಾರದೆ ತೇಲಿ ಸಾಯುತ್ತದೆ. ದವಡೆಗೆ ಕ್ಲಿಪ್ ಹಾಕಿ ಭಾರದೊಂದಿಗೆ ಕೆಳಗಿಳಿಸಿ ಬಿಡುವ ಸಾಧನ ಇದೆ. 2020ರಿಂದ ಅಲಾಸ್ಕಾದ ಸಮುದ್ರದಲ್ಲಿ ಗಾಳ ಹಾಕುವ ಪ್ರತಿ ದೋಣಿಯಲ್ಲೂ ಅದು ಇರಲೇಬೇಕು. ಹಿಡಿದ ಆಳಕ್ಕೆ, ಇಲ್ಲವೇ ಕನಿಷ್ಠ ನೂರಡಿಗೆ ಇಳಿಸಿ ಬಿಡುವುದು ಕಾನೂನು.

ಸಾಲ್ಮನ್‌ದು ಬೇರೆಯೇ ಲೋಕ. ಹಾಲಿಬಟ್‌ಗೆ ಕಾಯಬೇಕು, ಸಾಲ್ಮನ್‌ಅನ್ನು ಹುಡುಕಿಕೊಂಡು ಹೋಗಬೇಕು. ಕಚಮ್ಯಾಕ್ ಕೊಲ್ಲಿಯ ವಿಶೇಷ ಅಂದರೆ ಮೇವಿಗಾಗಿ ಬರುವ ಕಿಂಗ್ ಸಾಲ್ಮನ್ ಚಳಿಗಾಲದಲ್ಲೂ ಇಲ್ಲಿರುತ್ತದೆ. ದೋಣಿಯನ್ನು ಎರಡು, ಎರಡೂವರೆ ನಾಟ್ ವೇಗದಲ್ಲಿ ಓಡಿಸುತ್ತ ಹಿಂದೆ ಎರೆ ಎಳೆಯುವುದು ಕ್ರಮ. ಆಳ ಹಿಡಿದಿಡಲು ಡೌನ್‌ರಿಗ್ಗರ್: ಉಕ್ಕಿನ ತಂತಿಯ ತುದಿಗೆ ಐದು ಕಿಲೋ ಗುಂಡು, ಗುಂಡಿನ ಹತ್ತಿರದ ಕ್ಲಿಪ್ಪಿಗೆ ನಿಮ್ಮ ಲೈನ್. ಮೀನು ಎಳೆದಾಗ ಲೈನ್ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಬಾಗಿದ್ದ ರಾಡ್ ನೆಟ್ಟಗಾಗಿ ಲೈನ್ ಸಡಿಲಾಗುತ್ತದೆ, ಮೀನು ತಪ್ಪಿತೆಂದು ಕೈಬಿಡಬೇಡಿ. ಸಡಿಲ ಪೂರ್ತಿ ಹೋಗುವವರೆಗೆ ಬೇಗಬೇಗ ಸುತ್ತಿ, ತೂಕ ಸಿಕ್ಕಮೇಲೆ ರಾಡ್ ಎತ್ತಿ. ಮೇ, ಜೂನ್‌ನಲ್ಲಿ ಮೊಟ್ಟೆಯಿಡಲು ನದಿಗೆ ಹೊರಟ ಕಿಂಗ್‌ಗಳು ಹೋಮರಿನ ಪಶ್ಚಿಮಕ್ಕಿರುವ ಬ್ಲಫ್ ಪಾಯಿಂಟ್ ಕಡೆಯ ದಡಕ್ಕೆ ಹತ್ತಿರವಾಗಿ, ಐದರಿಂದ ಹತ್ತು ಮೀಟರ್ ನೀರಿನಲ್ಲೇ ಸಾಗುತ್ತವೆ. ಮೇವಿನ ಕಿಂಗ್‌ಗಳು ಮಾತ್ರ ಆಳದಲ್ಲಿ, ಹಲವು ಸಲ ನೆಲದ ಹತ್ತಿರ.

ಇಲ್ಲಿ ಎಲ್ಲ ನಿಂತಿರುವುದು ಹೆರ್ರಿಂಗಿನ ಸುತ್ತುವಿಕೆಯ ಮೇಲೆ. ಹಿಂದಿನ ರಾತ್ರಿಯೇ ಒಂದು ಲೀಟರ್ ತಣ್ಣೀರಿಗೆ ಕಾಲು ಕಪ್ ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿ ನೆನೆಸಿಡಿ. ಮಾಂಸ ಬಿಗಿಯಾಗುತ್ತದೆ, ಹುರುಪೆ ಉದುರುವುದಿಲ್ಲ. ಕಿವಿರಿನ ಹಿಂದೆ ತಲೆ ಕತ್ತರಿಸುವಾಗ ಚಾಕು ಎರಡು ಕಡೆಗೂ ಓರೆ: ಮೇಲಿನಿಂದ ಕೆಳಕ್ಕೂ, ಒಂದು ಪಕ್ಕೆಯಿಂದ ಇನ್ನೊಂದಕ್ಕೂ. ಈ ಜೋಡಿ ಓರೆಯೇ ಎರೆಯನ್ನು ನೀರಿನಲ್ಲಿ ತಿರುಗಿಸುತ್ತದೆ. ಮೊಂಡು ಚಾಕುವಿನಲ್ಲಿ ಅಂಚು ಹರಿದು ಸುತ್ತು ಕೆಡುತ್ತದೆ. ಕರುಳು ತೆಗೆದು, ಮುಂದಿನ ಗಾಳವನ್ನು ಕೊಯ್ದ ಅಂಚಿನ ಬಳಿ ಚುಚ್ಚಿ, ಹಿಂದಿನದನ್ನು ಪಕ್ಕೆಗೆ ಹಾಕಿ ಅಥವಾ ಹಾಗೇ ಬಿಡಿ. ಆಳಕ್ಕೆ ಬಿಡುವ ಮೊದಲು ದೋಣಿಯ ಪಕ್ಕದಲ್ಲಿ ಎಳೆದು ನೋಡಿ. ಬೈರಿಗೆಯ ಹಾಗೆ ಒಂದೇ ಗೆರೆಯಲ್ಲಿ ಹೊರಳಬೇಕು. ದೊಡ್ಡ ಸುತ್ತು ಹೊಡೆಯುತ್ತಿದ್ದರೆ ಅಥವಾ ಹೊರಳದೆ ಸುಮ್ಮನೆ ಎಳೆದುಕೊಂಡು ಬರುತ್ತಿದ್ದರೆ ಅದನ್ನು ತೆಗೆದು ಹೊಸದು ಕತ್ತರಿಸಿ. ಮುಂದೆ ಫ್ಲಾಶರ್ ಎಂಬ ಹೊಳೆಯುವ ಪಟ್ಟಿ ಕಟ್ಟುವುದಾದರೆ ಅದಕ್ಕೂ ಹೆರ್ರಿಂಗಿಗೂ ಒಂದೂವರೆ ಮೀಟರ್ ಅಂತರ ಇರಲಿ. ಹೂಚಿ ಎಂಬ ರಬ್ಬರಿನ ನಕಲಿ ಬೊಂಡಾಸ್ ಆದರೆ ಒಂದು ಮೀಟರ್ ಸಾಕು, ಅದಕ್ಕೆ ಸ್ವಂತ ಕುಣಿತ ಇಲ್ಲ, ಫ್ಲಾಶರಿನ ಎಳೆತದಿಂದಲೇ ಕುಣಿಯಬೇಕು.

ಕುಕ್ ಇನ್ಲೆಟ್‌ನ ಕಿಂಗ್ ಸಾಲ್ಮನ್ ಸಂಖ್ಯೆ ಇತ್ತೀಚಿನ ವರ್ಷಗಳಲ್ಲಿ ತೀರಾ ಇಳಿದಿದೆ. 1985ರಲ್ಲಿ ಕೀನೈ ನದಿಯಲ್ಲಿ 97 ಪೌಂಡಿನ ದಾಖಲೆಯ ಕಿಂಗ್ ಸಿಕ್ಕಿತ್ತು ಅನ್ನುವುದು ಈಗ ನೆನಪಿನ ಮಾತು. ಹಂಗಾಮಿನ ನಡುವೆಯೇ ತುರ್ತು ಆದೇಶ ಹೊರಡಿಸಿ ಮಿತಿ ಇಳಿಸುವುದು, ಮುಚ್ಚುವುದು ನಡೆಯುತ್ತದೆ. ಅಲಾಸ್ಕಾ ಮೀನು ಮತ್ತು ಬೇಟೆ ಇಲಾಖೆಯ ಅಂದಂದಿನ ಆದೇಶ ನೋಡದೆ ಕಿಂಗ್‌ಗೆ ಗಾಳ ಹಾಕಬೇಡಿ. ಪರವಾನಗಿಯ ಜೊತೆ ಕಿಂಗ್‌ಗೆ ಪ್ರತ್ಯೇಕ ಸ್ಟಾಂಪೂ ಬೇಕು. ಹಾಲಿಬಟ್‌ಗೆ ಸ್ವಂತ ದೋಣಿಯವರಿಗೆ ಬಹುಕಾಲದಿಂದ ದಿನಕ್ಕೆ ಎರಡು. ಬಾಡಿಗೆಯ ಚಾರ್ಟರ್ ದೋಣಿಗೆ ಅಳತೆ, ವಾರದ ದಿನ ಎಲ್ಲ ಸೇರಿ ವರ್ಷವರ್ಷ ಬದಲಾಗುವ ಬೇರೆ ನಿಯಮ.

ದೋಣಿ ಇಲ್ಲದವರಿಗೆ, ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಸ್ಪಿಟ್‌ನ ಮೇಲೇ ನಿಕ್ ಡುಡಿಯಾಕ್ ಫಿಶಿಂಗ್ ಲಗೂನ್ ಇದೆ. ಇಲಾಖೆ ಸಾಲ್ಮನ್ ಮರಿಗಳನ್ನು ತಂದು ಈ ಕೊಳದಲ್ಲಿ ಬಿಡುತ್ತದೆ. ಅವು ಸಮುದ್ರಕ್ಕೆ ಹೋಗಿ ಬೆಳೆದು ಇಲ್ಲಿಗೇ ಮರಳುತ್ತವೆ. ಮೊಟ್ಟೆಯಿಡಲು ಇಲ್ಲಿ ನದಿಯೇ ಇಲ್ಲ, ಆದ್ದರಿಂದ ಹಿಡಿದು ತಿನ್ನುವುದರಲ್ಲಿ ಸಂಕೋಚ ಬೇಡ. ಮೇ ಮಧ್ಯದಿಂದ ಕಿಂಗ್, ಜುಲೈ ಮಧ್ಯದಿಂದ ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್. ತೇಲುಬೆಂಡಿನ ಕೆಳಗೆ ಮೂರು ನಾಲ್ಕಡಿಯಲ್ಲಿ ಉಪ್ಪು ಹಾಕಿ ಹದ ಮಾಡಿದ ಸಾಲ್ಮನ್ ಮೊಟ್ಟೆ, ಅಥವಾ ಒಂದು ತುಂಡು ಹೆರ್ರಿಂಗ್. ಇಲ್ಲೂ ನೀರಿನದೇ ಲೆಕ್ಕ: ಏರುವ ನೀರು ಕೊಳದ ಬಾಯಿ ದಾಟಿ ಒಳಗೆ ನುಗ್ಗುವಾಗ ಹೊಸ ಮೀನು ಅದರೊಂದಿಗೇ ಬರುತ್ತದೆ. ಇಳಿತದ ಕೊನೆಯಲ್ಲಿ ಒಳಗೆ ಸಿಕ್ಕಿಕೊಂಡ ಮೀನುಗಳು ಕಣ್ಣೆದುರೇ ಸುತ್ತುತ್ತವೆ, ಎರೆಯತ್ತ ತಿರುಗಿಯೂ ನೋಡುವುದಿಲ್ಲ.

ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಬೇಸಿಗೆಯಲ್ಲೂ ಈ ನೀರು ಹತ್ತು ಡಿಗ್ರಿಯ ಆಸುಪಾಸು. ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಹತ್ತು ನಿಮಿಷದಲ್ಲಿ ಬೆರಳುಗಳು ಕೆಲಸ ಮಾಡುವುದಿಲ್ಲ. ಆಮೇಲೆ ಜಾಕೆಟ್ಟಿನ ಬಕಲ್ ಹಾಕಿಕೊಳ್ಳಲು ಆಗದು.

ಹಿಡಿದ ಮೀನಿನ ಗೌರವ ದೋಣಿಯಲ್ಲೇ ಶುರುವಾಗಬೇಕು. ರಕ್ತ ತೆಗೆದ ಹಾಲಿಬಟ್‌ನ ಕರುಳು, ಕಿವಿರು ತೆಗೆದು ಹೊಟ್ಟೆಗೆ ಮಂಜುಗಡ್ಡೆ ತುಂಬಿ. ಸಾಲ್ಮನ್ ಆದರೆ ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪು ರಕ್ತದ ಗೆರೆಯನ್ನು ಚಮಚದಲ್ಲಿ ಕೆರೆದು ತೆಗೆಯಿರಿ, ವಾಸನೆ ಹುಟ್ಟುವುದೇ ಅಲ್ಲಿ. ದೋಣಿಯಲ್ಲಿರುವಾಗ ಹಾಲಿಬಟ್ ಅನ್ನು ಬೆನ್ನಿನ ಎರಡು, ಹೊಟ್ಟೆಯ ಎರಡು, ಕೆನ್ನೆಯ ಎರಡು ತುಂಡಿಗಿಂತ ಹೆಚ್ಚು ಕತ್ತರಿಸುವಂತಿಲ್ಲ, ಚರ್ಮವನ್ನೂ ತೆಗೆಯುವಂತಿಲ್ಲ. ಎಣಿಸಿ ನೋಡುವ ಅಧಿಕಾರಿಗೆ ಎಷ್ಟು ಮೀನು, ಯಾವ ಮೀನು ಎಂದು ತಿಳಿಯಬೇಕಲ್ಲ. ಕೆನ್ನೆಯ ತುಂಡು ಬಿಸಾಡಬೇಡಿ, ಇಡೀ ಮೀನಿನಲ್ಲಿ ಅದೇ ಮೇಲು.

ಅಡುಗೆಯಲ್ಲಿ ಒಂದೇ ಎಚ್ಚರ: ಹಾಲಿಬಟ್‌ನಲ್ಲಿ ಕೊಬ್ಬು ಕಡಿಮೆ, ಬಂಗುಡೆಯ ಹಾಗೆ ಹೆಚ್ಚು ಬೆಂದರೂ ತಾಳಿಕೊಳ್ಳುವುದಿಲ್ಲ, ಹತ್ತಿಯಂತೆ ಒಣಗುತ್ತದೆ. ಗಸಿ ಮಾಡುವವರು ಮಸಾಲೆ ಚೆನ್ನಾಗಿ ಕುದಿಸಿ, ಹುಳಿ ಉಪ್ಪು ಸರಿ ಮಾಡಿಕೊಂಡು, ಕೊನೆಗೆ ದಪ್ಪ ತುಂಡುಗಳನ್ನು ಹಾಕಿ ನಾಲ್ಕೈದು ನಿಮಿಷಕ್ಕೆ ಒಲೆ ಆರಿಸಿ. ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ. ಸಿಯಾಟಲ್‌ಗೋ ಕ್ಯಾಲಿಫೋರ್ನಿಯಾಗೋ ವಿಮಾನದಲ್ಲಿ ಕೊಂಡೊಯ್ಯುವವರು ಹೋಮರಿನಲ್ಲೇ ಗಾಳಿ ತೆಗೆದು ಪ್ಯಾಕ್ ಮಾಡಿಸಿ, ಕಲ್ಲಿನಂತೆ ಹೆಪ್ಪುಗಟ್ಟಿದ ಮೇಲೆ ಪೆಟ್ಟಿಗೆಗೆ ತುಂಬಿ. ಪೆಟ್ಟಿಗೆ 23 ಕಿಲೋ ದಾಟದಿರಲಿ, ಡ್ರೈ ಐಸ್ ಹಾಕುವುದಾದರೆ ಒಬ್ಬರಿಗೆ ಎರಡೂವರೆ ಕಿಲೋ ಮಿತಿ.